ಫಿಸಿಕ್ಸ್ ಓದಿದರೆ ಹೊಟ್ಟೆ ತುಂಬುತ್ತಾ?

ಫಲಿತಾಂಶ ಬಂದ ಮನೆಯಲ್ಲಿ ಎರಡು ದಿನ ಶರಬತ್ತು, ಮೂರನೆಯ ದಿನದಿಂದ ಜಗಳ. ಈಜಿಪ್ಟಿನ ನಮ್ಮ ದುಮ್ಯಾತ್ ಊರಿನಲ್ಲಿ ಪ್ರತಿ ವರ್ಷ ಇದೇ ಕಥೆ. ಈ ಸಲ ಜಗಳ ನಡೆದದ್ದು ನನ್ನ ತಮ್ಮ ಷಲಬಿಯ ಮನೆಯಲ್ಲಿ. ಅವನು ಮರಗೆಲಸದ ಮೇಸ್ತ್ರಿ. ಅವನು ಕೆತ್ತಿದ ಕುರ್ಚಿ ಬಾರದೆ ನಮ್ಮ ಬೀದಿಯಲ್ಲಿ ಒಂದು ಮದುವೆಯೂ ಆಗುವುದಿಲ್ಲ. ಮಗಳು ಮಯಾದಾ ಹನ್ನೆರಡನೆಯ ತರಗತಿ ಪಾಸಾಗಿದ್ದಳು. ಯಾವ ಕಾಲೇಜು ಬೇಕೆಂಬ ಆಯ್ಕೆಪಟ್ಟಿಯನ್ನು ಅಂದು ಸಂಜೆ ಏಳರೊಳಗೆ ಕಂಪ್ಯೂಟರಿನಲ್ಲಿ ತುಂಬಿ ಸರ್ಕಾರಕ್ಕೆ ಕಳಿಸಬೇಕಿತ್ತು.

"ನಾನು ಫಿಸಿಕ್ಸ್ ಓದ್ತೀನಿ ಬಾಬಾ," ಎಂದಳು ಮಯಾದಾ.

ಷಲಬಿ ಚಹಾದ ಲೋಟ ಕುಕ್ಕಿದ. "ವಿಜ್ಞಾನ ಕಾಲೇಜಿಗೆ ಬೇಕಾದ್ದಕ್ಕಿಂತ ಹದಿನೆಂಟು ಅಂಕ ಜಾಸ್ತಿ ಇದೆ ನಿಂಗೆ. ಅಷ್ಟೂ ದಂಡ ಮಾಡ್ತೀಯಾ? ಸರ್ಕಾರಿ ಎಂಜಿನಿಯರಿಂಗ್‌ಗೆ ಮೂರೇ ಮೂರು ಕಮ್ಮಿ ಬಂತು. ಹೋಗ್ಲಿ, ಖಾಸಗಿ ಕಾಲೇಜಿಗೆ ಸೇರಿಸ್ತೀನಿ. ವರ್ಷಕ್ಕೆ ಅರವತ್ತು ಸಾವಿರ ಪೌಂಡ್ ತಾನೆ? ನಿಮ್ಮಮ್ಮನ ಬಳೆ ಇದಾವಲ್ಲ!"

ನೋಡಿ, ನಮ್ಮ ಜನಕ್ಕೆ ಹಿಡಿದಿರುವ ಹುಚ್ಚು ಇದು. ಬಂದ ಅಂಕಕ್ಕೆ ಸರಿಯಾಗಿ ಹೊಂದುವ ಕಾಲೇಜು ಹುಡುಕುತ್ತಾರೆಯೇ ಹೊರತು, ಮಗುವಿಗೆ ಹೊಂದುವುದನ್ನಲ್ಲ. ಒಂದು ಅಂಕ ಮಿಕ್ಕರೂ ಜೇಬು ತೂತಾದವರ ಹಾಗೆ ಗೋಳಾಡುತ್ತಾರೆ.

ಮಯಾದಾಳ ಕಣ್ಣಲ್ಲಿ ನೀರು. ಈ ಹುಡುಗಿಯನ್ನು ಸಣ್ಣವಳಿದ್ದಾಗಿನಿಂದ ಬಲ್ಲೆ. ರಾಸ್ ಎಲ್‌ಬರ್‌ನಲ್ಲಿ ನೈಲ್ ಕಡಲು ಸೇರುವ ತುದಿಗೆ ಕರೆದುಕೊಂಡು ಹೋದರೆ ಐಸ್‌ಕ್ರೀಂ ಕೇಳುತ್ತಿರಲಿಲ್ಲ. "ಅತ್ತೆ, ಎರಡು ಅಲೆ ಎದುರಾದ್ರೂ ಒಂದರೊಳಗೊಂದು ದಾಟ್ಕೊಂಡು ಹೋಗ್ತಾವಲ್ಲ, ಹೇಗೆ?" ಎಂದು ಪೀಡಿಸುತ್ತಿದ್ದಳು. ನನಗೆಲ್ಲಿ ಗೊತ್ತು!

ನಾನು ಸುಮ್ಮನೆ ಕೂರುವವಳಲ್ಲ. ಮೂರನೇ ಮಹಡಿಯ ಇನ್ಶಿರಾಹ್‌ಳನ್ನು ಕೂಗಿ ಕರೆದೆ. ಅವಳು ಆಸ್ಪತ್ರೆಯ ಕ್ಯಾನ್ಸರ್ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಬೀದಿಯವರೆಲ್ಲ ಡಾಕ್ಟರಮ್ಮ ಎನ್ನುತ್ತಾರೆ, ಆದರೆ ಅವಳು ಓದಿದ್ದು ಫಿಸಿಕ್ಸ್.

"ನಿಜ ಹೇಳಮ್ಮ ಡಾಕ್ಟರಮ್ಮ," ಎಂದ ಷಲಬಿ, "ಫಿಸಿಕ್ಸ್ ಓದಿದ್ರೆ ಹೊಟ್ಟೆ ತುಂಬುತ್ತಾ?"

"ಬರೀ ಡಿಗ್ರಿ ಹಿಡ್ಕೊಂಡು ಬಂದ್ರೆ ಯಾರೂ ಕರೆದು ಕೆಲಸ ಕೊಡಲ್ಲ ಅಣ್ಣ. ನಾನೂ ಎರಡು ವರ್ಷ ಮನೆಮನೆಗೆ ಹೋಗಿ ಪಾಠ ಹೇಳ್ದೆ, ಚಪ್ಪಲಿ ಸವೀತು. ಆಮೇಲೆ ವೈದ್ಯಕೀಯ ಫಿಸಿಕ್ಸ್‌ನಲ್ಲಿ ಡಿಪ್ಲೊಮಾ ಮಾಡ್ದೆ. ಈಗ ರೋಗಿಗೆ ವಿಕಿರಣ ಎಷ್ಟು ಕೊಡ್ಬೇಕು ಅಂತ ಲೆಕ್ಕ ಹಾಕೋಳು ನಾನೇ. ನನ್ನ ಜೊತೆಯವರಲ್ಲಿ ಒಬ್ಬಳು ಟೀಚರು, ಒಬ್ಬ ಕಂಪ್ಯೂಟರ್ ಕಂಪನೀಲಿದಾನೆ, ಇನ್ನೊಬ್ಬ ಟುಕ್‌ಟುಕ್ ಆಟೋ ಓಡಿಸ್ತಾನೆ."

"ಕೇಳಿದ್ಯಾ? ಟುಕ್‌ಟುಕ್!" ಷಲಬಿ ಎಗರಿದ.

"ನಿಮ್ಮ ಅಂಗಡೀಲಿ ಕುರ್ಚಿ ಉಜ್ತಾ ಕೂತಿರೋ ಎಂಜಿನಿಯರ್ ಯಾರು ಮತ್ತೆ?" ಎಂದು ಕೇಳಿದಳು ಇನ್ಶಿರಾಹ್.

ವಾಇಲ್ ಎಂಬ ಮೂವತ್ತು ದಾಟಿದ ಗಂಡಸು ಖಾಸಗಿ ಕಾಲೇಜಿನ ಎಂಜಿನಿಯರಿಂಗ್ ಪದವಿ ಇಟ್ಟುಕೊಂಡು ಷಲಬಿಯ ಬಳಿ ಕೂಲಿಗಿದ್ದಾನೆ. "ಎಂಜಿನಿಯರ್ ಸಾಹೇಬ್ರೇ, ಸ್ಯಾಂಡ್‌ಪೇಪರ್ ಕೊಡಿ" ಎಂದು ಉಳಿದವರು ಕಿಚಾಯಿಸುತ್ತಾರೆ.

"ಎರಡನ್ನೂ ತೂಗಿ ನೋಡಿ ಅಣ್ಣ," ಎಂದಳು ಇನ್ಶಿರಾಹ್. "ಖಾಸಗಿ ಎಂಜಿನಿಯರಿಂಗ್ ಅಂದ್ರೆ ಐದು ವರ್ಷ, ಮೂರು ಲಕ್ಷ ಪೌಂಡ್. ಇಷ್ಟ ಇಲ್ದೆ ಓದಿ ಫೇಲಾದ್ರೆ ಇನ್ನೊಂದು ವರ್ಷದ ಫೀಸು. ಸರ್ಕಾರಿ ವಿಜ್ಞಾನ ಕಾಲೇಜು ನಾಲ್ಕೇ ವರ್ಷ, ಅಲ್ಲಿ ಕಟ್ಟೋದು ಇದರ ಮುಂದೆ ಏನೂ ಅಲ್ಲ. ಎರಡು ಕಡೆನೂ ಕೆಲಸದ ಖಾತ್ರಿ ಇಲ್ಲ, ನಾನು ಸುಳ್ಳು ಹೇಳಲ್ಲ. ಆದ್ರೆ ವಿಜ್ಞಾನಕ್ಕೆ ಸೇರಿದ್ರೆ ಬಳೆ ಮನೇಲೇ ಉಳಿಯುತ್ತೆ. ಮುಂದೆ ಡಿಪ್ಲೊಮಾಗೋ ಕಂಪ್ಯೂಟರ್ ಕಲಿಯೋಕೋ ಬೇಕಾದ್ರೆ ಒಂದು ಮಾರಿದ್ರೆ ಸಾಕು. ಮಯಾದಾ, ನೀನೂ ಕೇಳ್ಸ್ಕೋ. ಕೊನೇ ವರ್ಷದ ತನಕ ಕಾಯ್ಬೇಡ, ಮೊದಲನೇ ವರ್ಷದಿಂದ್ಲೇ ಪ್ರೋಗ್ರಾಮಿಂಗ್ ಕಲಿ."

"ಕಲೀತೀನಿ," ಎಂದಳು ಹುಡುಗಿ, ಮೂಗು ಒರೆಸಿಕೊಳ್ಳುತ್ತ.

ಷಲಬಿ ಇನ್ನೂ ಗೊಣಗುತ್ತಿದ್ದ. "ಅಷ್ಟು ಅಂಕ ತಗೊಂಡು ವಿಜ್ಞಾನಕ್ಕೆ ಹೋದ್ಳು ಅಂತ ಜನ ಆಡ್ಕೊಳ್ಳಲ್ವಾ?"

ಆಗ ನನಗೆ ತಡೆಯಲಾಗಲಿಲ್ಲ. "ನಂಗೂ ಫಿಸಿಕ್ಸೇ ಬೇಕಿತ್ತು ಕಣೋ! ಅಂಕ ದಂಡ ಆಗುತ್ತೆ ಅಂತ ಅಪ್ಪ ಜಾಸ್ತಿ ಅಂಕ ಬೇಕಾಗಿದ್ದ ಅರ್ಥಶಾಸ್ತ್ರಕ್ಕೆ ತಳ್ಳಿದ್ರು."

"ನಿಂಗೇನಕ್ಕ ಕಮ್ಮಿ ಆಯ್ತು? ಬ್ಯಾಂಕಿನ ಕೆಲಸ, ಈಗ ಪಿಂಚಣಿ."

"ದುಡ್ಡು ಕಮ್ಮಿ ಆಗ್ಲಿಲ್ಲ. ಆದ್ರೆ ಆಸೆ ಹೋಗ್ಲಿಲ್ಲ. ಇವತ್ತಿಗೂ ವಿಜ್ಞಾನ ಕಾಲೇಜಿನ ಗೇಟಿನ ಮುಂದೆ ಬಸ್ಸು ನಿಂತ್ರೆ ಮುಖ ಬೇರೆ ಕಡೆ ತಿರುಗಿಸ್ಕೋತೀನಿ. ಆ ಹುಡುಗೀರು ಪುಸ್ತಕ ಹಿಡ್ಕೊಂಡು ಒಳಗೆ ಹೋಗೋದು ನೋಡಕ್ಕಾಗಲ್ಲ. ಐವತ್ತೆಂಟು ವರ್ಷ ನಂಗೆ!"

"ಯಾವತ್ತೂ ಹೇಳ್ಲೇ ಇಲ್ವಲ್ಲ ಅಕ್ಕ," ಎಂದ ಷಲಬಿ ಮೆಲ್ಲಗೆ.

"ಯಾರು ಕೇಳಿದ್ರು?"

ಷಲಬಿ ಕಂಪ್ಯೂಟರನ್ನು ಮಗಳ ಕಡೆ ತಿರುಗಿಸಿದ. "ಮೊದಲನೇ ಸಾಲು ನೀನೇ ತುಂಬು. ಹದಿನೆಂಟು ಅಂಕ ಹೋದ್ರೆ ಹೋಗ್ಲಿ." ಮಯಾದಾ ವಿಜ್ಞಾನ ಕಾಲೇಜಿನ ಹೆಸರು ಹಾಕಿದಳು. ಅವಳಮ್ಮ ಬಳೆಗಳನ್ನು ತೋಳಿನ ಮೇಲಕ್ಕೆ ಸರಿಸಿಕೊಂಡು ಇನ್ನೊಂದು ಸುತ್ತು ಚಹಾ ಇಟ್ಟಳು.

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮನೆಯಲ್ಲೂ ಇಂಥ ಪಟ್ಟಿ ತೆರೆದು ಕೂತಿರಬಹುದು. ಒಂದು ವರ್ಷದ್ದಲ್ಲ, ಪೂರ್ತಿ ಓದಿನ ಖರ್ಚು ಕೂಡಿಸಿ ನೋಡಿ. ಆ ಕಾಲೇಜಿನಿಂದ ಐದು ವರ್ಷದ ಹಿಂದೆ ಹೊರಬಂದವರನ್ನು ಹುಡುಕಿ, ಈಗ ಏನು ಮಾಡುತ್ತಿದ್ದೀರಿ ಎಂದು ವಿಚಾರಿಸಿ. ಡಿಗ್ರಿಯ ಮೇಲೆ ಇನ್ನೇನು ಕಲಿಯಬೇಕು, ಅದಕ್ಕೆ ದುಡ್ಡು ಉಳಿದಿರುತ್ತದೆಯೇ, ಅದನ್ನೂ ಯೋಚಿಸಿ. ಇಷ್ಟೆಲ್ಲ ಆದ ಮೇಲೆ ಮಗುವನ್ನು ಎದುರಿಗೆ ಕೂರಿಸಿಕೊಂಡು, ನಿನಗೇನು ಬೇಕು ಎಂದು ಕೇಳಿ. ಕೇಳಿದ ಮೇಲೆ ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿರಿ. ಆ ವಯಸ್ಸಿನಲ್ಲಿ ಆಸೆ ಬಾಯಿಗೆ ಬರಲು ಹೊತ್ತು ಹಿಡಿಯುತ್ತದೆ.