ಜೀಪ್ ಸ್ಟ್ಯಾಂಡಿನಲ್ಲೊಂದು ಸಹಿ

ಸಂತೆಯ ದಿನ ಕಳಸದ ಜೀಪ್ ಸ್ಟ್ಯಾಂಡಿನಲ್ಲಿ ಜನ ಹೆಚ್ಚು. ಷಡಕ್ಷರಿ ಬೇಕೆಂದೇ ಆ ದಿನವನ್ನು ಆರಿಸಿಕೊಂಡಿದ್ದ. ಚಿಕ್ಕಮಗಳೂರಿನ ಫೈನಾನ್ಸ್ ಕಂಪನಿಯೊಂದಕ್ಕೆ ಕಂತು ತಪ್ಪಿದ ಗಾಡಿಗಳನ್ನು ಎಳೆದು ತರುವುದು ಅವನ ಕೆಲಸ. ಮೊದಲಾದರೆ ನಾಲ್ಕು ಗಟ್ಟಿ ಆಳುಗಳೊಂದಿಗೆ ಹೋಗಿ ಕೀಲಿ ಕಿತ್ತುಕೊಂಡರೆ ಮುಗಿಯುತ್ತಿತ್ತು. ಈಗ ನೋಟಿಸು ಕೊಡದೆ, ಬಲವಂತದಿಂದ ಗಾಡಿ ಮುಟ್ಟಬಾರದೆಂದು ಹೈಕೋರ್ಟು ಹೇಳಿತ್ತು. "ಆಳುಗಳ ಖರ್ಚು ಉಳೀತು ಬಿಡು," ಎಂದು ಮ್ಯಾನೇಜರ್ ನಕ್ಕಿದ್ದರು. ಸ್ವಂತ ಇಚ್ಛೆಯಿಂದ ಒಪ್ಪಿಸಿದ್ದೇನೆ ಎಂದು ಮಾಲೀಕನೇ ಸಹಿ ಹಾಕಿಕೊಟ್ಟರೆ ಬಲವಂತ ಎಲ್ಲಿ ಬಂತು?

ಸಹಿ ಹಾಕಿಸುವ ದಾರಿ ಷಡಕ್ಷರಿಗೆ ಗೊತ್ತಿತ್ತು. ಈ ಕಡೆಯವರು ಬೈದರೆ ಬಗ್ಗುವುದಿಲ್ಲ. ನಾಲ್ಕು ಜನರೆದುರು ಸಾಲದ ಮಾತೆತ್ತಿದರೆ ಕುಸಿದುಬಿಡುತ್ತಾರೆ. ಅವನು ಹೋಗಿ, ಕಂತು ಬಾಕಿ ಉಳಿಸಿಕೊಂಡಿದ್ದ ಮಂಜಯ್ಯನ ಜೀಪಿನ ಬಾನೆಟ್ಟಿಗೆ ಒರಗಿ ನಿಂತ.

"ಇಲ್ಲಿ ಬೇಡ ಮಾರಾಯ್ರೇ," ಮಂಜಯ್ಯನ ದನಿ ಇಳಿಯಿತು. "ಎಲ್ರೂ ನೋಡ್ತಿದಾರೆ."

"ನಾನೇನು ಗಲಾಟೆ ಮಾಡಿದ್ನಾ ಮಂಜಯ್ಯನವ್ರೇ? ನಾಲ್ಕು ಕಂತು..." ಷಡಕ್ಷರಿ ಒಪ್ಪಿಗೆಯ ಕಾಗದ ಹೊರತೆಗೆದ.

"ಮೆತ್ತಗೆ, ಮೆತ್ತಗೆ. ಕೊಡಿ, ಸಹಿ ಎಲ್ಲಿ ಹಾಕ್ಬೇಕು?"

ಜೀಪಿನ ಮುಂದಿನ ಸೀಟಿನಲ್ಲಿದ್ದ ಮಂಜಯ್ಯನ ಹೆಂಡತಿ ಸಾವಿತ್ರಮ್ಮ ಕೆಳಗಿಳಿದಳು.

"ಏನ್ರೀ ಅದು?"

"ಏನಿಲ್ಲ. ನೀನು ಕೂತ್ಕೋ."

ಅವಳು ಕೂರಲಿಲ್ಲ. ಸ್ಟ್ಯಾಂಡಿಗೆಲ್ಲ ಕೇಳುವಂತೆ ಹೇಳಿದಳು: "ಹೌದು ಸ್ವಾಮಿ, ನಾಲ್ಕು ಕಂತು ಬಾಕಿ. ಕಾಫಿ ರೇಟು ಬಿದ್ದು ಮೂರು ವರ್ಷ ಆಯ್ತು. ತೋಟದವ್ರು ಆಳು ಕರೆಯಲ್ಲ, ಜೀಪಿಗೆ ಜನ ಇಲ್ಲ. ಕದ್ದಿದೀವಾ ನಾವು?"

"ಮಾನ ತೆಗೀಬೇಡ ಕಣೇ," ಮಂಜಯ್ಯ ಗೋಗರೆದ.

"ಈ ಮಾನ ಇಟ್ಕೊಂಡು ನಾಳೆ ಯಾವ ಊರಿಗೆ ಬಾಡಿಗೆ ಹೋಗ್ತೀರಿ?"

ಪಕ್ಕದ ಜೀಪಿನಿಂದ ಗುರುವಯ್ಯ ಕತ್ತು ಚಾಚಿದ. "ನಂದು ಐದು ಅತ್ತಿಗೆ. ನಾನೇ ಫಸ್ಟು!"

ಒಂದಿಬ್ಬರು ನಕ್ಕರು. ಷಡಕ್ಷರಿಗೆ ಕಸಿವಿಸಿಯಾಯಿತು. "ಅಮ್ಮ, ದುಡ್ಡು ತಗೊಂಡಿದ್ದು ನಿಜ ತಾನೆ? ನಮ್ದೂ ಹೊಟ್ಟೆಪಾಡು."

"ತಗೊಂಡಿದ್ದೂ ನಿಜ, ತೀರಿಸ್ಬೇಕು ಅನ್ನೋದೂ ನಿಜ. ಈಗ ಸಹಿ ಹಾಕದಿದ್ರೆ ಏನಾಗತ್ತೆ? ಅದನ್ನ ಹೇಳಿ."

ಇಷ್ಟು ಊರು ತಿರುಗಿದರೂ ಯಾರೂ ಅವನನ್ನು ಈ ಪ್ರಶ್ನೆ ಕೇಳಿರಲಿಲ್ಲ. ಪೊಲೀಸು, ಜೈಲು ಎಂಬ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಮಂಜಯ್ಯ ಕಾಗದವನ್ನು ಬಾನೆಟ್ಟಿನ ಮೇಲೆ ಹರಡಿಯಾಗಿತ್ತು. ಜೀಪು ಹೋದರೂ ಸರಿ, ಈ ಮಾತೊಂದು ನಿಂತರೆ ಸಾಕೆಂಬಂತೆ ಪೆನ್ನಿಗಾಗಿ ಜೇಬು ತಡಕುತ್ತಿದ್ದ. ಒಬ್ಬರನ್ನೂ ಹೊಡೆದಿಲ್ಲವೆಂದು ಮನೆಯಲ್ಲಿ ಹೇಳಿಕೊಳ್ಳುತ್ತಿದ್ದ ಷಡಕ್ಷರಿಗೆ ಆ ಕೈಯನ್ನು ನೋಡಲಾಗಲಿಲ್ಲ.

"ಸಹಿ ಹಾಕದಿದ್ರೆ ನಾನು ಇವತ್ತು ಗಾಡಿ ಒಯ್ಯೋ ಹಾಗಿಲ್ಲ," ಎಂದ, ಗುರುವಯ್ಯನಿಗೂ ಕೇಳುವಂತೆ. "ಮೊದ್ಲು ನೋಟಿಸ್ ಬರಬೇಕು. ಸಾಲ ಎಲ್ಲೂ ಹೋಗಲ್ಲ. ಸ್ವಲ್ಪ ಟೈಮ್ ಸಿಗತ್ತೆ, ಅಷ್ಟೇ."

ಕಾಗದವನ್ನು ತೆಗೆದು ಮಡಚಿ ಜೇಬಿಗಿಟ್ಟ. ಯಾರೂ ಅವನನ್ನು ಹೊಗಳಲಿಲ್ಲ. ಗುರುವಯ್ಯ ಮಾತ್ರ, "ಹೋದ ತಿಂಗಳು ನಮ್ಮ ಶಂಕರನಿಗೆ ಇದನ್ನ ಯಾಕೆ ಹೇಳ್ಲಿಲ್ಲ?" ಎಂದ. ಇಂಥದೇ ಕಾಗದಕ್ಕೆ ಸಹಿ ಹಾಕಿದ್ದ ಶಂಕರನ ಜೀಪು ಹರಾಜಾಗಿಹೋಗಿತ್ತು.

ಬರಿಗೈಯಲ್ಲಿ ಹೋದರೆ ಕೆಲಸ ಉಳಿಯುವುದಿಲ್ಲ. ತನ್ನ ಜಾಗಕ್ಕೆ ಮ್ಯಾನೇಜರ್, ಹೇಗಾದರೂ ಸಹಿ ಹಾಕಿಸಿಯೇ ಬರುವ ಇನ್ನೊಬ್ಬನನ್ನು ಕಳಿಸುತ್ತಾರೆಂಬುದೂ ಅವನಿಗೆ ಗೊತ್ತಿತ್ತು. ಬಸ್ಸಿಗೆಂದು ಹೊರಟವನನ್ನು ಮಂಜಯ್ಯ ಮುಖ ನೋಡದೆಯೇ ಕರೆದ.

"ಕೊಟ್ಟಿಗೆಹಾರಕ್ಕೆ ಹೊರಟಿದೀನಿ. ಚಿಕ್ಕಮಗಳೂರು ಬಸ್ಸು ಅಲ್ಲಿ ಸಿಗತ್ತೆ. ಬರೋದಾದ್ರೆ ಹತ್ತಿ."

ಹಿಂದಿನ ಸೀಟಿನಲ್ಲಿ ಯಾರೂ ಸರಿದು ಕೂರಲಿಲ್ಲ. ಷಡಕ್ಷರಿ ಕಂಬಿ ಹಿಡಿದು ಮೆಟ್ಟಿಲ ಮೇಲೆ ನಿಂತ. ಕೊಟ್ಟಿಗೆಹಾರದಲ್ಲಿ ಇಳಿದು ಬಾಡಿಗೆ ಕೊಟ್ಟ. ಮಂಜಯ್ಯ ಬೇಡವೆನ್ನಲಿಲ್ಲ.