ಗದ್ದಿಗೆ ಏರಿದ ಕೀಬೋರ್ಡು

ನಮ್ಮ ಯಜಮಾನರು ರೇಣುಕಯ್ಯನವರಿಗೆ ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ರೇಡಿಯೊ ರಿಪೇರಿ ಅಂಗಡಿ ಇತ್ತು. ಇತ್ತು ಎಂದರೆ ಬಾಗಿಲಿತ್ತು, ಬೋರ್ಡಿತ್ತು, ಗಿರಾಕಿಗಳಿಗೆ ಕೂರಲು ಒಂದು ಸ್ಟೂಲೂ ಇತ್ತು. ರೇಡಿಯೊ ವಾಪಸು ಹೋಗುವುದು ಮಾತ್ರ ಅಪರೂಪ. ಕೆಟ್ಟ ರೇಡಿಯೊ ಸರಿಮಾಡಲು ಅವರಿಗೆ ಒಂದು ಗಳಿಗೆ ಸಾಕು. ಅದು ನಿಜಕ್ಕೂ ಸರಿಹೋಗಿದೆಯೇ ಎಂದು ನೋಡಲು ವಾರಗಟ್ಟಲೆ ಬೇಕು. ಶಾರ್ಟ್‌ವೇವಿನ ಮುಳ್ಳನ್ನು ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ಸರಿಸುತ್ತ, ಯಾವ ಯಾವುದೋ ದೇಶದ ಹಾಡು ಕೇಳುತ್ತ ಕೂತುಬಿಡುತ್ತಿದ್ದರು. ಗಿರಾಕಿ ಬಂದರೆ, ಇನ್ನೂ ಟೆಸ್ಟಿಂಗ್‌ನಲ್ಲಿದೆ ಎನ್ನುತ್ತಿದ್ದರು.

ಒಂದು ದಿನ ಅಂಗಡಿ ತೆರೆದಿಟ್ಟೇ ಮನೆಗೆ ಓಡಿಬಂದು, ಮುದ್ದೆ ತೊಳಸುತ್ತಿದ್ದ ನನ್ನನ್ನು ಹಾಗೇ ಕರೆದುಕೊಂಡು ಹೋದರು. ಕೋಲು ಕೈಯಲ್ಲೇ ಇತ್ತು. ದಾರಿಯುದ್ದಕ್ಕೂ ಜನ ನಮ್ಮಿಬ್ಬರನ್ನೂ ನೋಡಿ ಏನೋ ಅಂದುಕೊಂಡರು. ಅಂಗಡಿಯಲ್ಲಿ ರೇಡಿಯೊ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಹಾಡುವವರಿಲ್ಲ, ತಬಲವಿಲ್ಲ. ಗುಂಯ್ ಎನ್ನುವುದು ನಿಧಾನವಾಗಿ ಮೇಲೆ ಹೋಗುತ್ತದೆ, ಅಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತದೆ, ಕೆಳಗಿಳಿಯುತ್ತದೆ. ಇದು ಬರೀ ಕರೆಂಟಿನಿಂದ ಮಾಡಿದ ಸಂಗೀತ ಎಂದರು. ಸ್ಟೇಷನ್ ಸರಿಯಾಗಿ ಹಿಡಿದಿಲ್ಲ ಅಂತ ಕಾಣುತ್ತೆ ನೋಡಿ ಎಂದು ಹೇಳಿ ನಾನು ವಾಪಸು ಬಂದೆ. ಮುದ್ದೆ ಗಂಟಾಗಿತ್ತು.

ಅದಾದ ಮೇಲೆ, ಎಂಬತ್ತನಾಲ್ಕರ ಸುಮಾರಿಗೆ, ಶಿರಾದ ಟೈಲರ್ ಖಾದರ್ ಸಾಬರ ಭಾವಮೈದ ದುಬೈಯಿಂದ ಒಂದು ಕೀಬೋರ್ಡು ತಂದ. ನೋಡಲು ಹಾರ್ಮೋನಿಯಂನ ತಮ್ಮನಂತಿತ್ತು. ತಿದಿ ಒತ್ತುವ ಕಷ್ಟವಿಲ್ಲ, ಟಾರ್ಚಿನ ಸೆಲ್ಲು ಹಾಕಿದರೆ ಸಾಕು. ಅದು ನಮ್ಮ ಮನೆಗೆ ಬಂತು. ಹೊಲಿಗೆ ಯಂತ್ರ ಕೊಳ್ಳುವ ನನ್ನ ಆಸೆ ಅಲ್ಲಿಗೆ ಮುಗಿಯಿತು.

ಯಜಮಾನರು ಅದರಲ್ಲಿ ಸಿನಿಮಾ ಹಾಡು ನುಡಿಸಿದ್ದರೆ ಊರೇ ಬಂದು ಕೂರುತ್ತಿತ್ತು. ಇವರು ತಮ್ಮವೇ ರಾಗ ಕಟ್ಟಿದರು. ಅವಕ್ಕೆ ಪಲ್ಲವಿಯಿಲ್ಲ, ಚರಣವಿಲ್ಲ, ಅಷ್ಟೇಕೆ, ಮುಗಿಯಿತು ಎಂದು ಗೊತ್ತಾಗುವ ಗುರುತೂ ಇಲ್ಲ. ಬಂದ ನೆಂಟರು ಕಾಫಿ ಲೋಟ ಬರಿದಾಗುವಷ್ಟು ಹೊತ್ತು ಕೇಳುತ್ತಿದ್ದರು, ಆಮೇಲೆ ಬಸ್ಸಿನ ನೆನಪು ಮಾಡಿಕೊಳ್ಳುತ್ತಿದ್ದರು. ಯಜಮಾನರಿಗೆ ಇದ್ದದ್ದು ಒಂದೇ ಆಸೆ: ತಾವು ಕಟ್ಟಿದ ಒಂದು ರಾಗವನ್ನು ಸ್ಟೇಜಿನ ಮೇಲೆ ಮೊದಲಿನಿಂದ ಕೊನೆಯವರೆಗೆ ನುಡಿಸಬೇಕು, ಜನ ಅದನ್ನು ಪೂರ್ತಿ ಕೇಳಬೇಕು. ಆ ಆಸೆ ಅವರ ಮುಖದಲ್ಲಿ ಕಂಡಾಗ ನನಗೆ ಸಿಟ್ಟು ಬರುತ್ತಿತ್ತು, ಅಷ್ಟೇ ಸಂಕಟವೂ ಆಗುತ್ತಿತ್ತು.

ಕೊನೆಗೂ ಒಂದು ದಾರಿ ತೆರೆಯಿತು. ಮಧುಗಿರಿಯಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದ ನಾಗಲಿಂಗಯ್ಯನವರಿಗೆ ಶಿರಾದ ಕಡಲೆಕಾಯಿ ವ್ಯಾಪಾರಿ ತಿಮ್ಮರಾಯಪ್ಪನವರ ಮಗಳ ಆರತಕ್ಷತೆ ಒಪ್ಪಂದವಾಗಿತ್ತು. ಹೊಸ ವಾದ್ಯ ಇದ್ದರೆ ಪಾರ್ಟಿಗೆ ಗತ್ತು ಬರುತ್ತದೆ ಎಂದು ಅವರೇ ಮನೆಗೆ ಬಂದರು. ಸಂಜೆಯೆಲ್ಲ ಸಿನಿಮಾ ಹಾಡಿಗೆ ಕೀಬೋರ್ಡು ನುಡಿಸಬೇಕು. ಕೊನೆಯಲ್ಲಿ ನಿಮ್ಮದೂ ಒಂದು ಇರಲಿ ಎಂದರು. ಯಜಮಾನರು ಆ ದಿನ ಎರಡು ಮುದ್ದೆ ಹೆಚ್ಚಿಗೆ ಉಂಡರು.

ಇದರ ನಡುವೆ ಬಂದವನು ಯತ್ತಪ್ಪ. ಗೌಡಗೆರೆ ಕಡೆಯ ಗೊಲ್ಲರಹಟ್ಟಿಯವನು, ಕುರಿ ಕಾಯುವವನು, ಹಟ್ಟಿಯ ದೇವರ ಮುಂದೆ ಗಣೆ ಊದುವವನು. ಗಣೆ ಎಂದರೆ ಎದೆಯುದ್ದದ ಬಿದಿರಿನ ಕೊಳಲು. ಅದರ ದನಿಯ ಜೊತೆಗೆ ಅವರು ತಮ್ಮ ದೇವರ ಕತೆ ಹಾಡುತ್ತಾರೆ. ರಿಪೇರಿಗೆ ಕೊಟ್ಟ ತನ್ನ ರೇಡಿಯೊಗಾಗಿ ಜಗಳ ಆಡಲೆಂದೇ ಬಂದಿದ್ದ. ಅಂಗಡಿಯಲ್ಲಿ ಯಜಮಾನರು ಕೀಬೋರ್ಡು ನುಡಿಸುತ್ತಿದ್ದರು. ಯತ್ತಪ್ಪ ಜಗಳ ಮರೆತು ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು ಕಡೆಯವರೆಗೂ ಕೇಳಿದ. ಇದು ಉಸಿರು ಹಿಡಿದು ಊದುವ ಗಣೆಯ ಹಂಗೇ ಐತೆ, ಸೋಮವಾರ ಹಟ್ಟಿಗೆ ತನ್ನಿ, ದೇವರು ಕೇಳಲಿ ಎಂದ. ತನ್ನ ರೇಡಿಯೊ ವಾಪಸು ಕೇಳುವುದನ್ನೇ ಮರೆತು ಹೋದ.

ಸೋಮವಾರ ನಾನೂ ಹೋದೆ. ಹಟ್ಟಿಯ ಮುಳ್ಳುಬೇಲಿಯ ಆಚೆಯೇ ಚಪ್ಪಲಿ ಬಿಟ್ಟೆವು. ಗುಡಿಯ ಮುಂದೆ ಯತ್ತಪ್ಪ ಕರಿಕಂಬಳಿ ಹಾಸಿ, ಅದರ ಮೇಲೆ ಅಕ್ಕಿ ಹರವಿ, ವೀಳ್ಯದೆಲೆ ಇಟ್ಟು ಗದ್ದಿಗೆ ಮಾಡಿದ. ಒಂದು ಪಕ್ಕಕ್ಕೆ ಗಣೆ, ಇನ್ನೊಂದು ಪಕ್ಕಕ್ಕೆ ನಮ್ಮ ಕೀಬೋರ್ಡು. ಕಾಯಿ ಒಡೆದರು. ಇದನ್ನು ದೇವರಿಗೆ ಒಪ್ಪಿಸಿದಿರಾ ಎಂದು ಯತ್ತಪ್ಪ ಕೇಳಿದ. ಯಜಮಾನರು ಕಣ್ಣು ಮುಚ್ಚಿ, ಒಪ್ಪಿಸಿದೆ ಎಂದು ಕೈಮುಗಿದರು. ಅವರ ತಪ್ಪೂ ಅಲ್ಲ. ನಮ್ಮ ಮನೆಯಲ್ಲಿ ದಿನಾ ದೇವರಿಗೆ ಒಪ್ಪಿಸುತ್ತೇವೆ: ನೈವೇದ್ಯ ತೋರಿಸುತ್ತೇವೆ, ಆಮೇಲೆ ನಾವೇ ತಿನ್ನುತ್ತೇವೆ. ನಮ್ಮ ದೇವರು ಇದುವರೆಗೆ ಒಂದು ತಟ್ಟೆಯನ್ನೂ ಒಳಗಿಟ್ಟುಕೊಂಡಿಲ್ಲ.

ಯಜಮಾನರು ನುಡಿಸಿದರು. ಹಟ್ಟಿಯವರು ಯಾರೂ ಮಿಸುಕಲಿಲ್ಲ. ಮುಗಿದ ಮೇಲೆ ಯತ್ತಪ್ಪನ ಹೆಂಡತಿ ಜುಂಜಮ್ಮ, ಇದರಲ್ಲಿ ಕತೆ ಎಲ್ಲಿದೆ ಎಂದು ಕೇಳಿದಳು. ಕತೆ ಇಲ್ಲ, ಬರೀ ರಾಗ ಎಂದು ಇವರು ತಡವರಿಸಿದರು.

"ಬುಡಿ ಅಯ್ನೋರೆ," ಎಂದಳು ಅವಳು, "ನಾನೇ ಒಂದು ಕತೆ ಆಕ್ಕೊಂಡು ಕೇಳ್ದೆ. ಚೆಂದಾಗಿತ್ತು."

ನೆಂಟರ ಕಾಫಿ ಲೋಟಗಳನ್ನು ಅಷ್ಟು ವರ್ಷ ತೊಳೆದ ನಾನು ಆ ಮಾತು ಕೇಳಿ ಅವಳ ಪಕ್ಕಕ್ಕೆ ಸರಿದು ಕೂತೆ. ಯಜಮಾನರಂತೂ ಭೂಮಿಯ ಮೇಲಿರಲಿಲ್ಲ.

ಭೂಮಿಗೆ ಇಳಿದದ್ದು ಕೀಬೋರ್ಡನ್ನು ಚೀಲಕ್ಕೆ ಹಾಕಿಕೊಳ್ಳಲು ಹೋದಾಗ. ಯತ್ತಪ್ಪ ಮೆಲ್ಲಗೆ ಅವರ ಕೈ ಹಿಡಿದ. ಗದ್ದಿಗೆಯ ಮೇಲೆ ಕೂರಿಸಿ ಒಪ್ಪಿಸಿದ್ದು ದೇವರದು, ಇನ್ನು ಅದು ಹಟ್ಟಿಯಲ್ಲೇ ಇರಬೇಕು, ನೀವು ಯಾವಾಗ ಬೇಕಾದರೂ ಬಂದು ನುಡಿಸಬಹುದು ಎಂದ. ಸಿಟ್ಟಿಲ್ಲ, ದಬಾಯಿಸುವುದಿಲ್ಲ. ಅನ್ನ ಬೆಂದಿದೆ ಎನ್ನುವಷ್ಟು ಸಹಜವಾಗಿ ಹೇಳಿದ. ಯಜಮಾನರ ಕೈಯಲ್ಲಿ ಚೀಲ ಬರಿದಾಗಿಯೇ ಉಳಿಯಿತು. ಶುಕ್ರವಾರ ಆರತಕ್ಷತೆ. ಕೀಬೋರ್ಡಿಲ್ಲದೆ ಸ್ಟೇಜಿಲ್ಲ, ಸ್ಟೇಜಿಲ್ಲದೆ ಆ ಒಂದು ರಾಗವಿಲ್ಲ. ನನ್ನ ಕಡೆ ನೋಡಿದರು. ಮದುವೆಯಾದಾಗಿನಿಂದ ಇವರು ಬೆಲ್ಲದ ಅಂಗಡಿಯಲ್ಲಿ ಕೂಡ ಚೌಕಾಸಿ ಮಾಡಿದವರಲ್ಲ. ಅದು ನನ್ನ ಪಾಲಿನ ಕೆಲಸ.

ನಾನು ಯತ್ತಪ್ಪನನ್ನು ಕೇಳಿದೆ, ನಿಮ್ಮ ದೇವರು ಹಟ್ಟಿ ಬಿಟ್ಟು ಎಲ್ಲಿಗೂ ಹೋಗುವುದೇ ಇಲ್ಲವೇ ಎಂದು.

"ಓಗ್ತಾನೆ ಕಣವ್ವ," ಎಂದ. "ಅವನ ಜನ ಜೊತೇಲಿರಬೇಕು. ಕಂಬಳಿ ಮ್ಯಾಲೇ ಕುಂಡ್ರಿಸಬೇಕು. ಇನ್ನೊಬ್ರ ಪದ ನುಡಿಸಂಗಿಲ್ಲ."

ಸಿನಿಮಾ ಹಾಡು ಇನ್ನೊಬ್ಬರ ಪದವೇ ಎಂದು ಕೇಳಿದೆ. ಮತ್ತಿನ್ನೇನು ಎಂದ. ಅಯ್ಯನವರು ಅವರೇ ಕಟ್ಟಿದ್ದನ್ನು ಎಷ್ಟು ಬೇಕಾದರೂ ನುಡಿಸಲಿ, ದೇವರಿಗೆ ಅಡ್ಡಿಯಿಲ್ಲ ಎಂದೂ ಹೇಳಿದ. ನಾನು ಒಪ್ಪಿಕೊಂಡೆ. ನಾಗಲಿಂಗಯ್ಯನವರಿಗೆ ಏನು ಹೇಳುವುದು ಎಂದು ಯಜಮಾನರು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೇಳಿದರು. ಏನೂ ಹೇಳಬೇಡಿ, ಶುಕ್ರವಾರ ಅವರೇ ನೋಡುತ್ತಾರೆ ಎಂದೆ.

ನೋಡಿದರು. ಶಿರಾದ ಛತ್ರದ ಸ್ಟೇಜಿನ ನಡುವೆ, ಡ್ರಮ್ಮು ಮತ್ತು ಗಿಟಾರಿನ ಮಧ್ಯೆ, ಯತ್ತಪ್ಪ ಕರಿಕಂಬಳಿ ಹಾಸಿ ಅಕ್ಕಿ ಹರವುತ್ತಿದ್ದ. ಹಟ್ಟಿಯ ಹತ್ತು ಹದಿನೈದು ಜನ ಹೆಗಲ ಮೇಲೆ ಕಂಬಳಿ ಹೊದ್ದು ಸುತ್ತ ಕೂತಿದ್ದರು. ಷರತ್ತು ಕೇಳಿದ ನಾಗಲಿಂಗಯ್ಯನವರು ಹಣೆ ಚಚ್ಚಿಕೊಂಡರು. ಸಿನಿಮಾ ಹಾಡು ನುಡಿಸದ ಕೀಬೋರ್ಡನ್ನು ಇಟ್ಟುಕೊಂಡು ಏನು, ಪೂಜೆ ಮಾಡಲೇ ಎಂದು ಕೇಳಿದರು. ಅದು ಆಗಲೇ ಆಗಿದೆ ಎಂದೆ ನಾನು. ಕೆಳಗಿಳಿಸಿ ಎನ್ನಲು ಅವರಿಗೂ ಧೈರ್ಯ ಬರಲಿಲ್ಲ; ದೇವರ ವಿಷಯ.

ಹಾಗಾಗಿ ಸಂಜೆಯೆಲ್ಲ ಯಜಮಾನರು ಕೀಬೋರ್ಡಿನ ಹಿಂದೆ ಕೈಕಟ್ಟಿಕೊಂಡು ಕೂತರು. ಹಾಡುಗಳು ಬಂದವು, ಹೋದವು. ವಧೂವರರಿಗೆ ಅಕ್ಷತೆ ಹಾಕಲು ಬಂದವರು ಪಕ್ಕದಲ್ಲಿ ಗದ್ದಿಗೆ ನೋಡಿ, ಯಾವ ದೇವರೋ ಏನೋ ಎಂದು ಕೀಬೋರ್ಡಿಗೂ ಕೈಮುಗಿದರು. ಒಬ್ಬ ಅಜ್ಜಿ ಅದರ ಮೇಲೆ ಹೂವಿಟ್ಟಳು. ಯಜಮಾನರು ಮೆಲ್ಲಗೆ ಅದನ್ನು ತೆಗೆದು ಪಕ್ಕಕ್ಕಿಟ್ಟರು. ಮತ್ತೊಬ್ಬಳು ಬಂದು ಇನ್ನೊಂದಿಟ್ಟಳು.

ಕೊನೆಗೆ ನಾಗಲಿಂಗಯ್ಯನವರು ಮೈಕಿನಲ್ಲಿ, ಈಗ ರೇಣುಕಯ್ಯನವರಿಂದ ಸ್ವಂತ ರಾಗ ಎಂದರು. ಅದೇ ಹೊತ್ತಿಗೆ ಹಿಂದಿನ ಬಾಗಿಲಿನಿಂದ, ಎಲೆ ಹಾಕಿದೆ, ಊಟಕ್ಕೆ ಏಳಬೇಕು ಎಂಬ ಕೂಗು ಬಂತು. ಮದುವೆ ಮನೆಯಲ್ಲಿ ಆ ಕೂಗಿನ ಮುಂದೆ ಯಾವ ಸಂಗೀತ ನಿಂತೀತು? ಕುರ್ಚಿಗಳು ಕಿರುಗುಟ್ಟಿದವು. ಯಜಮಾನರು ಕೀಬೋರ್ಡಿನ ಮೊದಲ ಕೀ ಒತ್ತುವಷ್ಟರಲ್ಲಿ ಹಾಲ್ ಬರಿದು. ಆರ್ಕೆಸ್ಟ್ರಾದವರೂ ಇಳಿದು ಹೋದರು. ಉಳಿದದ್ದು ಹಟ್ಟಿಯವರು ಮತ್ತು ನಾನು.

ಯಜಮಾನರ ಬೆರಳು ನಿಂತಿತು. ಯಾರೂ ಇಲ್ಲವಲ್ಲ ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಆ ಛತ್ರ, ಆ ಒಬ್ಬಟ್ಟು, ಆ ಇಡೀ ಶಿರಾ ಊರಿನ ಮೇಲೆ ಕೋಪ ಬಂತು.

ಯತ್ತಪ್ಪ ಗಣೆಯನ್ನು ಕೈಗೆತ್ತಿಕೊಂಡು ಒರೆಸುತ್ತಿದ್ದ.

"ಹುಟ್ಟಿದಾಗಿಂದ ಕುರಿ ಮುಂದೆ ಊದಿದೀನಿ ಅಯ್ನೋರೆ," ಎಂದ. "ಅವೂ ಮೇಯ್ತಾ ಮೇಯ್ತಾನೇ ಕೇಳೋದು. ನುಡಿಸಿ ನೀವು."

ನಾನು ಎದ್ದು ಹೋಗಿ, ಊಟದ ಮನೆಯ ಮಾಡಿನ ಮೇಲಿದ್ದ ಲೌಡ್‌ಸ್ಪೀಕರ್‌ಗೆ ಯಾವ ವೈರು ಹೋಗುತ್ತದೆ ಎಂದು ಬಾಗಿಲಾಚೆ ನಿಂತಿದ್ದ ಮೈಕ್‌ಸೆಟ್ಟಿನವನನ್ನು ಕೇಳಿ ಹಾಕಿಸಿದೆ. ರಿಪೇರಿಯವರ ಹೆಂಡತಿ ಎಂದ ಮೇಲೆ ಅಷ್ಟಾದರೂ ಗೊತ್ತಿರಬೇಕಲ್ಲ.

ಯಜಮಾನರು ನುಡಿಸತೊಡಗಿದರು. ಅವರ ಗುಂಯ್ ಎನ್ನುವ ದನಿ ನಿಧಾನವಾಗಿ ಮೇಲೆ ಹೋಯಿತು. ಅದರ ಅಡಿಯಿಂದ ಗಣೆ ಸೇರಿಕೊಂಡಿತು. ಕರೆಂಟಿನದು ಯಾವುದು, ಉಸಿರಿನದು ಯಾವುದು ಎಂದು ನನಗೆ ಗೊತ್ತಾಗಲಿಲ್ಲ. ಮುದ್ದೆ ತೊಳಸುವ ಕೆಲಸವಿಲ್ಲದೆ, ಮನೆಗೆಲಸದ ಚಿಂತೆಯಿಲ್ಲದೆ ಕೂತು ಕೇಳಿದಾಗ ಅದು ನಿಜಕ್ಕೂ ಚೆನ್ನಾಗಿತ್ತು. ಜುಂಜಮ್ಮನ ಹಾಗೆ ನಾನೂ ಒಂದು ಕತೆ ಹಾಕಿಕೊಂಡೆ. ಅದು ಏನೆಂದು ಹೇಳುವುದಿಲ್ಲ. ಅದರಲ್ಲಿ ನಮ್ಮ ಯಜಮಾನರಿದ್ದರು.

ಸ್ವಲ್ಪ ಹೊತ್ತಾದ ಮೇಲೆ ಊಟದ ಮನೆಯ ಕಡೆ ಗಲಾಟೆ ಕೇಳಿಸಿತು. ಲೌಡ್‌ಸ್ಪೀಕರ್ ಆರಿಸಿ ಎಂದು ಕೂಗುತ್ತಿದ್ದಾರೆ ಎಂದುಕೊಂಡು ಓಡಿದೆ. ಮೊದಲ ಪಂಕ್ತಿಯವರ ಎಲೆ ಖಾಲಿಯಾಗಿತ್ತು. ಮಜ್ಜಿಗೆಯೂ ಆಗಿತ್ತು. ಕೈ ಒಣಗಿತ್ತು. ಆದರೂ ಒಬ್ಬರೂ ಏಳುತ್ತಿಲ್ಲ. ತುದಿಯಲ್ಲಿ ಕೂತ ಹಿರಿಯರೊಬ್ಬರು ಒಣಗಿದ ಬೆರಳಲ್ಲೇ ಎಲೆಯ ಮೇಲೆ ತಾಳವಿಲ್ಲದ ಆ ರಾಗಕ್ಕೆ ತಾಳ ಹುಡುಕುತ್ತಿದ್ದರು. ಪಂಕ್ತಿಯ ಹಿರಿಯರು ಏಳದೆ ಉಳಿದವರು ಏಳುವಂತಿಲ್ಲ. ಉಳಿದವರಿಗೂ ಏಳುವ ಅವಸರ ಕಾಣಲಿಲ್ಲ. ಅವರ ಬೆನ್ನಿಗೆ ನಿಂತ ಎರಡನೇ ಪಂಕ್ತಿಯವರು, ಉಂಡಾದ ಮೇಲೆ ಜಾಗ ಬಿಡುವುದಕ್ಕೇನು ಧಾಡಿ ಎಂದು ಕಿರುಚುತ್ತಿದ್ದರು. ಬಡಿಸುವವನು ಸಾರಿನ ಬಕೆಟ್ಟು ಹಿಡಿದು ಲೌಡ್‌ಸ್ಪೀಕರ್ ಕಡೆ ಬಾಯಿ ತೆರೆದು ನಿಂತಿದ್ದ.

ವಧುವಿನ ತಂದೆ ತಿಮ್ಮರಾಯಪ್ಪನವರು ಪಂಚೆ ಎತ್ತಿಕಟ್ಟಿಕೊಂಡು ನನ್ನನ್ನು ದಾಟಿ ಸ್ಟೇಜಿನ ಕಡೆ ಓಡಿದರು. ನಾನೂ ಹಿಂದೆಯೇ ಓಡಿದೆ. ಅವರು ಕಂಬಳಿಯ ಅಂಚಿನಲ್ಲಿ ನಿಂತು, ಎರಡೂ ಕೈ ಜೋಡಿಸಿದರು.

"ಸ್ವಾಮಿ, ದಯವಿಟ್ಟು ನಿಲ್ಲಿಸ್ಬುಡಿ," ಎಂದರು. "ನೀವು ನಿಲ್ಲಿಸೋಗಂಟ ಅವರು ಏಳಲ್ಲ. ಬೀಗರ ಪಂಕ್ತಿ ಹಸ್ಕೊಂಡು ನಿಂತೈತೆ."

ಯಜಮಾನರು ತಲೆಯೆತ್ತಿ ಅವರನ್ನು ನೋಡಿದರು, ಆಮೇಲೆ ನನ್ನನ್ನು. ಯಾರ ಮನಸ್ಸನ್ನೂ ನೋಯಿಸದ ಮನುಷ್ಯ. ಗಿರಾಕಿ ಕೆಮ್ಮಿದರೂ ಕೈ ತೆಗೆಯುವವರು. ಈಗಲೂ ತೆಗೆದುಬಿಡುತ್ತಾರೆ ಎಂದುಕೊಂಡೆ. ಅವರು ಕೈ ತೆಗೆಯಲಿಲ್ಲ.

"ಇನ್ನೊಂದು ಚೂರಿದೆ," ಎಂದರು. "ಮುಗಿಸ್ತೀನಿ, ಕೂತ್ಕೊಳ್ಳಿ."

ತಿಮ್ಮರಾಯಪ್ಪನವರು ಅತ್ತ ನೋಡಿದರು, ಇತ್ತ ನೋಡಿದರು, ಜುಂಜಮ್ಮ ಸರಿದು ಬಿಟ್ಟುಕೊಟ್ಟ ಜಾಗದಲ್ಲಿ ಪಂಚೆ ಸರಿಮಾಡಿಕೊಂಡು ಕೂತರು.