ಮೊದಲ ಶನಿವಾರದ ಪಾದಗಳು

ಆ ಬೆಳಿಗ್ಗೆ ಆ ಮನೆಯಲ್ಲಿ ತೀರ್ಮಾನವಾಗಬೇಕಿದ್ದ ಅತ್ಯಂತ ಘನವಾದ ವಿಷಯವೆಂದರೆ ಕಾಲುಚೀಲ. ಸಾವು ಹಿಂದಿನ ದಿನವೇ ತೀರ್ಮಾನವಾಗಿತ್ತು. ಅಂಗಡಿಯಲ್ಲಿ ಅರ್ಧ ಉಜ್ಜಿದ ಕೀಲಿಕೈ ಕೈಯಲ್ಲಿರುವಾಗಲೇ ಬೀಗ ರಿಪೇರಿಯವನ ಎದೆಬಡಿತ ನಿಂತಿತ್ತು. ಅವನ ಹೆಂಡತಿ ಈಗ ಗಂಡನ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು ನೀಲಿ ಕಾಲುಚೀಲವನ್ನು ಹಿಮ್ಮಡಿಯವರೆಗೆ ಎಳೆದಿದ್ದಳು.

"ಇನ್ನು ಅವನಿಗೆ ಚಳಿಯಾಗುತ್ತೇನಮ್ಮ?" ಎಂದ ಗಂಡನ ಅಣ್ಣ, ಗೋಡೆಗೆ ಒರಗಿ ಕೂತು.

ಅಣ್ಣ ತಮ್ಮ ಇಬ್ಬರಿಗೂ ಸಕ್ಕರೆ ಕಾಯಿಲೆ ಬಂದದ್ದು ಒಂದೇ ವರ್ಷ. ಅಣ್ಣನಿಗೆ ಎರಡು ಕಾಲ್ಬೆರಳು ಹೋಗಿದ್ದವು, ಒಂದು ಕಣ್ಣು ಮಂಜಾಗಿತ್ತು.

"ಹತ್ತೊಂಬತ್ತು ವರ್ಷ ಷುಗರ್ ಇಟ್ಕೊಂಡೂ ಹತ್ತು ಬೆರಳು ಹಾಗೇ ಇವೆ ನೋಡು. ಒಂದು ಗೀರಿಲ್ಲ. ಮಗುವಿನ ಕಾಲಿದ್ದ ಹಾಗಿದೆ." ಅಣ್ಣನ ಧ್ವನಿಯಲ್ಲಿ ದುಃಖವಿತ್ತು. ಅದರ ಪಕ್ಕದಲ್ಲೇ ಇನ್ನೊಂದೂ ಜಾಗ ಮಾಡಿಕೊಂಡು ಕೂತಿತ್ತು.

"ನಾನು ನೋಡ್ಕೊಂಡೆ, ಭಾವ."

"ನೀನೆಲ್ಲಿ ಬಿಡಮ್ಮ. ಆ ಸಿಸ್ಟರ್ ನೋಡ್ಕೊಂಡ್ರು."

ಅವಳು ಕಾಲುಚೀಲವನ್ನು ಅಗತ್ಯಕ್ಕಿಂತ ಜೋರಾಗಿ ಎಳೆದಳು.

"ಹೊಲಿಗೆ ಒಳಗೆ ಹೋಗಿದೆ," ಎಂದಿತು ಬಾಗಿಲ ಬಳಿಯ ಧ್ವನಿ. "ತಿರುವಿ ಹಾಕಿ ಅಮ್ಮ. ಬೆರಳಿಗೆ ಉಜ್ಜಬಾರದು ಅಂತ ಅವರು ಯಾವಾಗಲೂ ಹೊಲಿಗೆ ಹೊರಗೆ ಮಾಡೇ ಹಾಕೋರು."

ಪಾದಗಳ ಚಿಕಿತ್ಸಾಲಯದ ನರ್ಸ್. ಚಪ್ಪಲಿ ಬಿಟ್ಟು, ಕೈಚೀಲವನ್ನು ಎದೆಗೊತ್ತಿಕೊಂಡು ನಿಂತಿದ್ದಳು.

ಹನ್ನೊಂದು ವರ್ಷದಿಂದ ಹೆಂಡತಿ, ಒಗೆದ ಕಾಲುಚೀಲಗಳನ್ನೆಲ್ಲ ಒಂದೊಂದಾಗಿ ಸರಿಯಾಗಿ ತಿರುಗಿಸಿ ಮಡಿಸಿಡುತ್ತಿದ್ದಳು. ಗಂಡ ಬೆಳಿಗ್ಗೆ ಎದ್ದು ಮತ್ತೆ ಉಲ್ಟಾ ಮಾಡಿ ಹಾಕಿಕೊಳ್ಳುತ್ತಿದ್ದ. ಉಡುವ ತೊಡುವ ಜ್ಞಾನವೇ ಇಲ್ಲದ ಮನುಷ್ಯ ಎಂದು ಅವಳು ಇಡೀ ಬೀದಿಗೆ ಹೇಳಿಕೊಂಡು ನಕ್ಕಿದ್ದಳು.

ಅವಳು ಕಾಲುಚೀಲವನ್ನು ಕಳಚಿ ಪಕ್ಕಕ್ಕಿಟ್ಟಳು. ಆ ಘನವಾದ ಪ್ರಶ್ನೆ ಅಲ್ಲಿಗೆ ಬಿದ್ದುಹೋಯಿತು.

•

ಬದುಕಿದ್ದಾಗ, ತಿಂಗಳ ಮೊದಲ ಶನಿವಾರ ಗಂಡ ಮಧ್ಯಾಹ್ನ ಮೂರಕ್ಕೇ ಅಂಗಡಿಯ ಬಾಗಿಲೆಳೆದು ಮನೆಗೆ ಬಂದು, ಕಾಲು ತೊಳೆದು, ಇಸ್ತ್ರಿಯ ಅಂಗಿ ಹಾಕಿ, ತಲೆ ಬಾಚಿಕೊಳ್ಳುತ್ತಿದ್ದ.

"ಕಾಲು ತೋರಿಸೋಕೆ ಹೋಗೋರು ತಲೆ ಯಾಕೆ ಬಾಚ್ಕೋಬೇಕು?"

"ಕಾಲಿನ ಜೊತೆ ತಲೇನೂ ಬರುತ್ತಲ್ಲ ಕಣೆ."

ವಾಪಸು ಬಂದಮೇಲೆ ಊಟದ ತಟ್ಟೆಯನ್ನು ಅರ್ಧಕ್ಕೇ ಸರಿಸುತ್ತಿದ್ದ, ಬೆಳಿಗ್ಗೆ ಒಂದು ಗಂಟೆ ನಡೆಯುತ್ತಿದ್ದ. ಸಿಸ್ಟರ್ ಹೇಳಿದ್ದಾರೆ. ಅದನ್ನೇ ಹೆಂಡತಿ ಅದಕ್ಕೂ ಮುಂಚೆ ಎಂಟು ವರ್ಷ ಹೇಳಿದ್ದಳು. ಆಗ ಅವನ ಕಿವಿಗೆ ಬೇರೇನೋ ಕೆಲಸವಿತ್ತು.

ಅವಳ ಪಾಲಿಗೆ ಉಳಿದದ್ದು ಸಂಜೆ. ಅಂಗಡಿಯಿಂದ ಬಂದವನು ಮಂಚದ ಮೇಲೆ ಕಾಲು ಚಾಚಿ, ಕಣ್ಣು ಮುಚ್ಚುತ್ತಿದ್ದ. ಅವಳು ಪಕ್ಕದಲ್ಲಿ ಕೂತು ಪಾದ ಒತ್ತುತ್ತಿದ್ದಳು.

"ಸ್ವಲ್ಪ ಕೆಳಗೆ. ಹಾಂ, ಅಲ್ಲೇ. ಎಷ್ಟು ಹಿತವಾಗಿದೆ ಗೊತ್ತಾ."

"ನಿಮ್ಮ ಸಿಸ್ಟರ್ ಹೀಗೆ ಒತ್ತುತ್ತಾರಾ?"

"ಅವರು ಬರೀ ಮುಟ್ತಾರೆ."

ಇಷ್ಟು ಸಾಕಾಗಿತ್ತು. ಮುಂದಿನ ಮೊದಲ ಶನಿವಾರದವರೆಗೆ ಅವಳು ನೆಮ್ಮದಿಯಾಗಿರುತ್ತಿದ್ದಳು.

•

ಶವದ ವ್ಯಾನ್ ಬಂತೇ ಎಂದು ನೋಡಲು ಅಣ್ಣ ಬೀದಿಗೆ ಹೋದ. ಕೋಣೆಯಲ್ಲಿ ಇಬ್ಬರು ಹೆಂಗಸರು, ನಡುವೆ ಅವನು.

"ಹನ್ನೊಂದು ವರ್ಷ ಏನು ಮಾಡ್ತಿದ್ರಿ ಅಲ್ಲಿ?" ಎಂದಳು ಹೆಂಡತಿ.

"ಉಗುರು ಕತ್ತರಿಸೋದು, ಗಾಯ ಇದೆಯಾ ನೋಡೋದು. ಆಮೇಲೆ ಒಂದು ಪಾದಕ್ಕೆ ಹತ್ತು ಕಡೆ ನೈಲಾನ್ ಎಳೆಯಿಂದ ಮುಟ್ತೀನಿ. ಅವರು ಕಣ್ಣು ಮುಚ್ಚಿ, ಗೊತ್ತಾದಾಗ ಹ್ಞೂಂ ಅನ್ನಬೇಕು. ಹತ್ತಕ್ಕೆ ಹತ್ತು ಹೇಳೋರು."

"ಹೇಳದೆ ಏನು. ದಿನಾ ಒತ್ತಿದ ಕಾಲು."

ನರ್ಸ್ ಸುಮ್ಮನಿರಬಹುದಿತ್ತು. ಆದರೆ ಅವಳೂ ಹನ್ನೊಂದು ವರ್ಷ ತಗ್ಗಿದ ಕುರ್ಚಿಯಲ್ಲಿ ಕೂತು, ಆ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು, 'ನಮ್ಮನೆಯವಳ ಕೈ ಇದೆಯಲ್ಲ ಸಿಸ್ಟರ್' ಎಂಬ ವರ್ಣನೆಯನ್ನು ಕೇಳಿದವಳು. ಮನೆಗೆ ಹೋಗಿ ತನ್ನ ಕಾಲನ್ನು ತಾನೇ ಒತ್ತಿಕೊಂಡವಳು.

"ಅವರ ಪಾದಕ್ಕೆ ಸ್ಪರ್ಶ ಇರಲಿಲ್ಲ ಅಮ್ಮ. ಆರು ವರ್ಷದಿಂದ."

ಹೆಂಡತಿ ಗಂಡನ ಪಾದಗಳತ್ತ ನೋಡಿದಳು.

"ನಾನು ಬಗ್ಗಿದಾಗ ಕುರ್ಚಿ ಕಿರ್ ಅನ್ನೋದು. ಬೀಗದ ಒಳಗಿನ ಸದ್ದು ಕೇಳಿ ಪಳಗಿದ ಕಿವಿ. ಕುರ್ಚಿ ಕೇಳಿಸಿದರೆ ಹ್ಞೂಂ ಅನ್ನೋರು. ಒಂದು ಸಲ ಸುಮ್ಮನೆ ಬಗ್ಗಿದೆ, ಮುಟ್ಟಲೇ ಇಲ್ಲ. ಆಗಲೂ ಹ್ಞೂಂ ಅಂದ್ರು."

"ಹಾಗಾದರೆ ಸ್ವಲ್ಪ ಕೆಳಗೆ ಅಂತಿದ್ದದ್ದು?"

"ಮಂಚ ಸದ್ದು ಮಾಡುತ್ತಾ?"

ಹೆಂಡತಿ ಯೋಚಿಸಿದಳು. "ಮಾಡುತ್ತೆ," ಎಂದಳು. ಗಂಡನ ಮುಖ ನೋಡಿದಳು. "ನಿಮ್ಮ ಹತ್ತಿರ ಒಪ್ಕೊಂಡ್ರಾ?"

"ಅವತ್ತೇ. ಮನೇಲಿ ಹೇಳಬೇಡಿ, ಅವಳು ಒತ್ತೋದು ನಿಲ್ಲಿಸಿಬಿಡ್ತಾಳೆ ಅಂದ್ರು."

"ಗೊತ್ತೇ ಆಗದಿದ್ದಮೇಲೆ ನಿಲ್ಲಿಸಿದರೇನಂತೆ?"

"ನಾನೂ ಅದನ್ನೇ ಕೇಳಿದೆ. 'ಮತ್ತೆ ಸಂಜೆ ಏನು ಮಾಡಲಿ ಸಿಸ್ಟರ್' ಅಂದ್ರು."

ಹೇಳಿಯಾದಮೇಲೆ ನರ್ಸಿಗೆ, ಇದನ್ನು ಹೇಳಬಾರದಿತ್ತೆಂದು ಹೊಳೆಯಿತು.

ಹೆಂಡತಿ ಸೆರಗಿನಿಂದ ಮೂಗೊರೆಸಿಕೊಂಡಳು. ಆಮೇಲೆ ಸಾವಕಾಶವಾಗಿ ಕೇಳಿದಳು: "ಅದಾದಮೇಲೆ ನಿಮಗೆ ಯಾವತ್ತಾದರೂ ಸುಳ್ಳು ಹೇಳಿದ್ರಾ?"

"ಇಲ್ಲ. ಒಂದೇ ಒಂದು ಇಲ್ಲ," ಎಂದಳು ನರ್ಸ್, ತಲೆಯೆತ್ತಿ.

"ಅಯ್ಯೋ ಪಾಪ," ಎಂದಳು ಹೆಂಡತಿ. "ನನಗೆ ದಿನಾ ಸಂಜೆ ಹೇಳೋರು."

ಅಣ್ಣ ಕುಂಟುತ್ತ ಬಾಗಿಲಿಗೆ ಬಂದ. "ವ್ಯಾನ್ ಬಂತು. ಅವನ ಜೊತೆ ಹಿಂದೆ ಇಬ್ಬರಿಗೆ ಮಾತ್ರ ಜಾಗ. ನೀನು, ನಾನು."

"ನೀವು ಡ್ರೈವರ್ ಪಕ್ಕ ಕೂತ್ಕೊಳ್ಳಿ ಭಾವ. ಸಿಸ್ಟರ್ ಬರಲಿ."

ವ್ಯಾನಿನ ಹಿಂಭಾಗದಲ್ಲಿ ಎರಡು ಸ್ಟೂಲುಗಳಿದ್ದವು, ಆ ತುದಿಗೊಂದು, ಈ ತುದಿಗೊಂದು. ಮೊದಲು ಹತ್ತಿದ ನರ್ಸ್ ಅಭ್ಯಾಸಬಲದಿಂದ ಪಾದಗಳ ಬಳಿಯ ಸ್ಟೂಲನ್ನೇ ಎಳೆದುಕೊಂಡಳು.

"ಅಲ್ಲಲ್ಲ," ಎಂದಳು ಹೆಂಡತಿ. "ನೀವು ಆ ಕಡೆ."

ನರ್ಸ್ ತಲೆಯ ಕಡೆ ಕೂತಳು. ಹೆಂಡತಿ ಕಾಲಿನ ಕಡೆ ಕೂತಳು.